ಅಡುಗೆಮನೆಯ ಮೇಲೆ ಲಂಗರು

ಕಡಲಲ್ಲಿ ತೇಲುತ್ತಿದ್ದ ಹಳದಿ ಡಬ್ಬ ಕಣ್ಣಿಗೆ ಬಿದ್ದದ್ದೇ ತಡ, ಹೋಟೆಲಿನ ದೊಡ್ಡ ದೋಣಿ ಸೀದಾ ಅದರತ್ತಲೇ ಮೂತಿ ತಿರುಗಿಸಿತು. ತನ್ನ ಪುಟ್ಟ ದೋಣಿಯಲ್ಲಿ ಕೂತು ಈಜುವ ಕನ್ನಡಕ ತೊಳೆಯುತ್ತಿದ್ದ ಕುಳ್ಳಿ ದಡಬಡಿಸಿ ಎದ್ದು ನಿಂತಳು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆ ಡಬ್ಬ ಕಟ್ಟಿದವಳು ಅವಳೇ. ದೋಣಿಗಳು ಈ ಜಾಗದಿಂದ ದೂರ ಇರಲಿ ಎಂದು ನಿನ್ನೆಯಷ್ಟೇ ಕಟ್ಟಿದ್ದಳು.

ಆದರೆ ದೋಣಿಯವರ ಕಣ್ಣಿಗೆ ಹಳದಿಯ ಅರ್ಥವೇ ಬೇರೆ. ಹೋದ ತಿಂಗಳ ಚಂಡಮಾರುತಕ್ಕೆ ಮುಂಚೆ, ಜನ ಮುಳುಗಿ ಹವಳ ನೋಡುವ ಏಳು ಜಾಗಗಳಲ್ಲೂ ಒಂದೊಂದು ಹಳದಿ ತೇಲುಗುಂಡು ಇತ್ತು. ದೋಣಿಯನ್ನು ಅದಕ್ಕೆ ಕಟ್ಟಿದರೆ ಮುಗಿಯಿತು, ತಳಕ್ಕೆ ಲಂಗರು ಇಳಿಸುವ ಗೋಜೇ ಇಲ್ಲ. ಗಾಳಿ ಏಳನ್ನೂ ಕಿತ್ತುಕೊಂಡು ಹೋಯಿತು. ಇಪ್ಪತ್ತು ವರ್ಷ ಹಳದಿ ಕಂಡಲ್ಲೆಲ್ಲ ದೋಣಿ ನಿಲ್ಲಿಸಿದವರಿಗೆ ಹಳದಿ ಡಬ್ಬ ತೋರಿಸಿ ಬರಬೇಡಿ ಎಂದರೆ ಯಾರಿಗೆ ತಿಳಿದೀತು? ಕೈಬೀಸಿ ಕರೆದ ಹಾಗೇ ಆಯಿತು.

ಹತ್ತು ದಿನದಿಂದ ಅವಳು ಏಳು ಜಾಗದಲ್ಲೂ ಮುಳುಗಿ ನೋಡಿ ಬಂದಿದ್ದಳು. ಹೆಸರುಗಳನ್ನೆಲ್ಲ ಅವಳಂಥ ಗೈಡುಗಳೇ ಇಟ್ಟದ್ದು. 'ಛತ್ರಿ' ಮಗುಚಿ ಬಿದ್ದಿತ್ತು. 'ಮೆಟ್ಟಿಲು' ಇದ್ದ ಕಡೆ ಒಡೆದ ಪಿಂಗಾಣಿಯಂಥ ಚೂರುಗಳ ರಾಶಿ. ಹೀಗೆ ಆರೂ ಹಾಳು. ಉಳಿದದ್ದು 'ಅಡುಗೆಮನೆ' ಒಂದೇ. ಯಾವ ಹೊತ್ತಿಗೆ ಹೋದರೂ ಅಲ್ಲಿ ಮೀನುಗಳು ಏನನ್ನಾದರೂ ಮೇಯುತ್ತಲೇ ಇರುತ್ತವೆ, ಅದಕ್ಕೇ ಆ ಹೆಸರು. ದೊಡ್ಡ ಬಂಡೆಯ ಮರೆಯಲ್ಲಿ, ಒಂದು ಕೋಣೆಯಷ್ಟಗಲದ ಹವಳ, ಒಂದು ಕೊಂಬೆಯೂ ಮುಕ್ಕಾಗದೆ ನಿಂತಿತ್ತು. ಅದನ್ನು ಕಂಡು ಅವಳು ನೀರೊಳಗೇ ಅತ್ತುಬಿಟ್ಟಿದ್ದಳು. ಕನ್ನಡಕದ ಹೊರಗೂ ಉಪ್ಪುನೀರು, ಒಳಗೂ ಉಪ್ಪುನೀರು.

ಈಗ ಅಳುವ ಹೊತ್ತಲ್ಲ. ಚಾಕು ತೆಗೆದು ದಾರ ಕತ್ತರಿಸಿ, ಡಬ್ಬವನ್ನು ತನ್ನ ದೋಣಿಯೊಳಕ್ಕೆ ಎಸೆದಳು. ಧುಮುಕಿ, ಅದು ತೇಲುತ್ತಿದ್ದ ಜಾಗದಲ್ಲಿ ತಾನೇ ಅಂಗಾತ ಮಲಗಿ ಕೈಕಾಲು ಚಾಚಿದಳು. ಹೋಟೆಲಿನ ದೋಣಿ ನಡೆಸುತ್ತಿದ್ದವನು ಅವಳ ಸ್ವಂತ ಅಣ್ಣ. ಗಾಬರಿಬಿದ್ದು ಎಂಜಿನ್ ಸದ್ದು ಇಳಿಸಿ, ಲಂಗರು ಹಿಡಿದು ಮುಂದಕ್ಕೆ ಓಡಿಬಂದ.

"ಏನೇ ಇದು ನಿನ್ನ ಹುಚ್ಚಾಟ? ಸರಿ ಆ ಕಡೆ!"

"ಲಂಗರು ಹಾಕ್ಬೇಡ ಅಣ್ಣ. ಕೆಳಗೆ ಜೀವ ಇದೆ."

ಅಣ್ಣನ ಹಿಂದೆ ಹೋಟೆಲಿನ ಮ್ಯಾನೇಜರ್ ಪ್ರತ್ಯಕ್ಷನಾದ. ಇಸ್ತ್ರಿ ಮಾಡಿದ ಅಂಗಿ, ಮೂಗಿನ ತುದಿಯಲ್ಲಿ ಕೋಪ. ಅವನ ಬೆನ್ನಿಗೆ ಆರು ಜನ ಅತಿಥಿಗಳು ರಬ್ಬರ್ ರೆಕ್ಕೆ ಕಾಲಿಗೇರಿಸಿಕೊಂಡು ಪಿಳಿಪಿಳಿ ನೋಡುತ್ತಿದ್ದರು.

"ನೋಡಮ್ಮ, ಆರು ಜಾಗ ಹೋಗಿದೆ. ಇದೊಂದು ಇಷ್ಟಗಲ ಉಳಿದು ಯಾರನ್ನ ಉದ್ಧಾರ ಮಾಡ್ಬೇಕು?"

"ಆ ಆರೂ ಮತ್ತೆ ಚಿಗುರೋಕೆ ಬೀಜ ಇಲ್ಲಿಂದಲೇ ಹೋಗ್ಬೇಕು ಸಾರ್. ಜನ ಇಳೀಲಿ, ಕಣ್ತುಂಬ ನೋಡ್ಲಿ, ನಾನೇ ಕರ್ಕೊಂಡು ಹೋಗ್ತೀನಿ. ಎಂಜಿನ್ ಆರಿಸ್ದೆ ದೋಣಿ ಸುತ್ತಿಸ್ತಾ ಇರಿ, ಅಷ್ಟೇ."

"ಅತಿಥಿಗಳಿಗೆ ಹೊಗೆ ಕುಡಿಸ್ಲಾ?" ಮ್ಯಾನೇಜರ್ ಅಣ್ಣನತ್ತ ತಿರುಗಿದ. "ಅವಳನ್ನ ಬಿಟ್ಟಾಕು, ಪಕ್ಕಕ್ಕೆ ಲಂಗರು ಹಾಕು!"

ಪಕ್ಕಕ್ಕೆ ಅಂದರೆ ಎಲ್ಲಿ? ಪಕ್ಕವೂ ಅಡುಗೆಮನೆಯೇ. ಅದರಾಚೆ ತಳವೇ ಕಾಣದ ಆಳ, ಅಲ್ಲಿ ದೋಣಿಯ ಹಗ್ಗ ನೆಲ ಮುಟ್ಟದು. ಅಣ್ಣ ಎಡಕ್ಕೆ ಬಂದರೆ ಕುಳ್ಳಿ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಕೊನೆಗೆ ಇಪ್ಪತ್ತು ಕಿಲೋ ಕಬ್ಬಿಣವನ್ನು ದೋಣಿಯ ಅಂಚಿಗೆ ಆನಿಸಿದ. ಅವನು ಬಗ್ಗಿ ದನಿ ತಗ್ಗಿಸಿದ.

"ನನ್ನ ಕೆಲ್ಸ ಹೋಗುತ್ತೆ ಕಣೇ. ಮನೇಲಿ ಎರಡು ಮಕ್ಕಳಿವೆ ಅನ್ನೋದಾದ್ರೂ ನೆನಪಿದೆಯಾ?"

"ಇದೂ ಹೋದ್ರೆ ಜನಕ್ಕೆ ಏನ್ ತೋರಿಸ್ತೀಯ, ನಿನ್ನ ಮುಖಾನಾ? ಹಾಕೋದಾದ್ರೆ ನನ್ನ ಹೊಟ್ಟೆ ಮೇಲೇ ಹಾಕು. ಜಗ್ಗಲ್ಲ ನಾನು."

ಈ ಹಟ ಅಣ್ಣನಿಗೆ ಹೊಸದಲ್ಲ. ಆರು ವರ್ಷದವಳಿದ್ದಾಗ ಇವಳಿಗೆ ಈಜು ಕಲಿಸಿದವನೇ ಅವನು. ಸಾಕು ಬಾರೇ ಎಂದು ಅಂಗಲಾಚಿದರೂ ನೀರು ಬಿಟ್ಟು ಬಂದವಳಲ್ಲ. ಮ್ಯಾನೇಜರ್ ಗಡಿಯಾರ ನೋಡಿಕೊಂಡು ನಕ್ಕ.

"ಎಷ್ಟು ಹೊತ್ತು ಹೀಗೇ ತೇಲ್ತೀಯಮ್ಮ? ನಾವೂ ನೋಡ್ತೀವಿ."

"ಈ ಹವಳ ಬೆರಳಗಲ ಬೆಳೆಯೋಕೆ ಒಂದು ವರ್ಷ ಬೇಕು ಸಾರ್. ನನಗೇನೂ ಅವಸರ ಇಲ್ಲ."

ಅತಿಥಿಗಳಲ್ಲೊಬ್ಬರು ಕಿಸಕ್ಕನೆ ನಕ್ಕರು. ಮ್ಯಾನೇಜರನ ಮುಖ ಕೆಂಪಗಾಯಿತು. ಈ ಮಾತುಕತೆಯಲ್ಲಿ ದೋಣಿ ನೀರಿನ ಸೆಳೆತಕ್ಕೆ ಮೆಲ್ಲಗೆ ಜಾರಿ, ಅಡುಗೆಮನೆ ದಾಟಿ, ಕಡುನೀಲಿ ಆಳದ ಮೇಲೆ ಬಂದದ್ದನ್ನು ಅವನು ಗಮನಿಸಲಿಲ್ಲ. ಗಮನಿಸಿದ್ದು ಕುಳ್ಳಿ. ಇನ್ನೊಂದನ್ನೂ ಗಮನಿಸಿದಳು. ಅಣ್ಣ ಮ್ಯಾನೇಜರನಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು, ಲಂಗರನ್ನು ಹಗ್ಗಕ್ಕೆ ಸೇರಿಸುವ ಕೊಂಡಿಯನ್ನು ತಿರುವುತ್ತಿದ್ದ. ಬಿಗಿ ಮಾಡುವ ಕಡೆಗಲ್ಲ, ಬಿಚ್ಚುವ ಕಡೆಗೆ.

"ಹಾಕೋ ಲಂಗರು! ಇದೇ ಕೊನೇ ಸಲ ಹೇಳ್ತಿರೋದು!"

"ಆಗ್ಲಿ ಸಾರ್."

ಧುಡುಮ್ಮೆಂದು ನೀರು ಮೇಲಕ್ಕೆ ಹಾರಿತು. ಮ್ಯಾನೇಜರ್ ಸಮಾಧಾನದಿಂದ ಅಂಗಿಯ ಹನಿ ಒರೆಸಿಕೊಂಡು, ದೋಣಿ ನಿಂತೀತೆಂದು ಕಾದ. ದೋಣಿ ಜಾರುತ್ತಲೇ ಇತ್ತು. ತಿರುಗಿ ನೋಡಿದರೆ ಅಣ್ಣನ ಕೈಯಲ್ಲಿ ಒಣ ಹಗ್ಗ, ಅದರ ತುದಿಯಲ್ಲಿ ಬಾಯಿ ತೆರೆದ ಕೊಂಡಿ.

"ಹಾಕು ಅಂದ್ರಿ, ಹಾಕ್ದೆ ಸಾರ್."