ಮಗುಚಿದ ಮೀನು

ಆವಿಯಲ್ಲಿ ಬೇಯಿಸಿದ ಮೀನಿನ ಮೇಲ್ಭಾಗ ಮುಗಿದಿತ್ತು. ಮಾತಿನ ಭರದಲ್ಲಿದ್ದ ಹುಯೆ ಲಿನ್, ಊಟದ ಕಡ್ಡಿಗಳಿಂದ ಅದನ್ನು ತಟ್ಟೆಯಲ್ಲೇ ಮಗುಚಿ ಹಾಕಿದಳು.

ಎದುರಿಗಿದ್ದ ಮುದುಕಿ ಗೆಕ್ ಎಂಗ್‌ಳ ಕೈ ಬಾಯಿಯ ಬಳಿಯೇ ನಿಂತಿತು. ತಟ್ಟೆಯಲ್ಲಿ ಮೀನು ಮಗುಚಿದರೆ ನೀರಿನಲ್ಲಿ ದೋಣಿ ಮಗುಚುತ್ತದೆ. ಮೀನುಗಾರರ ಕೆತಾಮ್ ದ್ವೀಪದಲ್ಲಿ ಹಾಲುಹಲ್ಲಿನ ಕೂಸೂ ಅದನ್ನು ಬಲ್ಲದು. ಕ್ಲಾಂಗ್ ಪೇಟೆಯ ಚರ್ಚಿನಿಂದ ವಾರವಾರವೂ ಲಾಂಚು ಹತ್ತಿ ಬಂದು ಮನೆಮನೆಯಲ್ಲಿ ಯೇಸುವಿನ ಕಥೆ ಹೇಳುತ್ತಿದ್ದ ಹುಯೆ ಲಿನ್‌ಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳು ಕಥೆಯೊಳಗಿದ್ದಳು. ಅಲ್ಲಿ ಬಿರುಗಾಳಿ ಎದ್ದಿತ್ತು, ದೋಣಿಗೆ ನೀರು ನುಗ್ಗುತ್ತಿತ್ತು, ಹನ್ನೆರಡು ಮಂದಿ ಶಿಷ್ಯರು ಜೀವಭಯದಿಂದ ಕೂಗುತ್ತಿದ್ದರು. ಯೇಸು ಮಾತ್ರ ಹಿಂಬದಿಯಲ್ಲಿ ತಲೆಗೆ ದಿಂಬಿಟ್ಟು ಮಲಗಿದ್ದ.

"ನನ್ನ ಮಗ ನೀರ ಮೇಲಿದ್ದಾನೆ," ಎಂದಳು ಮುದುಕಿ, ದನಿಯೇರಿಸದೆ. "ನಿನ್ನ ದೇವರು ಏಳೋಕೆ ಮುಂಚೆ ನೀನೇ ಎದ್ದು ಹೋಗಮ್ಮ."

ಹುಯೆ ಲಿನ್ ಎದ್ದಳು. ನೇರವಾಗಿ ದೋಣಿ ಕಟ್ಟುವ ಜೆಟ್ಟಿಗೆ ನಡೆದಳು. ಎರಡು ಗಂಟೆಯ ಉಬ್ಬರದೊಂದಿಗೆ ಬರಬೇಕಿದ್ದ, ಮುದುಕಿಯ ಮಗ ಬೂನ್ ಸೆಂಗ್‌ನ ದೋಣಿ ಬರಲಿಲ್ಲ. ಮೂರಾಯಿತು. ಅವನ ಫೋನು ಹತ್ತಲಿಲ್ಲ. ಮುದುಕಿಯೂ ಬಂದು ಮರದ ಮೆಟ್ಟಿಲ ಮೇಲೆ ಕುಳಿತಳು. ಮಗುಚಿದ ಮೀನಿನ ಸುದ್ದಿ ಅವಳಿಗಿಂತ ಮುಂಚೆಯೇ ಜೆಟ್ಟಿ ಮುಟ್ಟಿತ್ತು. ಬೂನ್ ಸೆಂಗ್ ಬಾರದಿದ್ದರೆ ಈ ದೇವರ ಹುಡುಗಿಗೆ ದ್ವೀಪದಲ್ಲಿ ಇನ್ನೊಂದು ಬಾಗಿಲೂ ತೆರೆಯದು ಎಂದು ಸೀಗಡಿ ಒಣಗಿಸುತ್ತಿದ್ದ ಹೆಂಗಸರು ಕೇಳಿಸುವಂತೆಯೇ ಆಡಿಕೊಂಡರು.

ಐದಕ್ಕೆ ಪೇಟೆಯ ಕೊನೆಯ ಲಾಂಚು ಹೊರಟುಹೋಯಿತು. ಹುಯೆ ಲಿನ್ ಕದಲಲಿಲ್ಲ.

"ಹೋಗಲಿಲ್ವಾ?" ಎಂದಳು ಮುದುಕಿ.

"ನಿಮ್ಮ ಮಗ ಬರಲಿ, ಆಮಾ," ಎಂದಳು ಹುಯೆ ಲಿನ್, ಅಜ್ಜಿಯನ್ನು ಅಲ್ಲಿನವರು ಕರೆಯುವಂತೆ.

"ಅನ್ನ ನುಂಗೋಕೂ ಬಾಯಿ ಬಿಡುವಿಲ್ಲದೆ ದೇವರ ಮಾತಾಡೋಳು, ಮೂರು ಗಂಟೆಯಿಂದ ಅವನ ಹೆಸರೇ ಎತ್ತಿಲ್ಲ. ಯಾಕೆ, ಅವನ ಜೊತೆ ಜಗಳವಾ?"

"ಇಲ್ಲ ಆಮಾ. ದಿನಾ ಅವನ ವಿಷಯ ನಿಮಗೆ ಹೇಳ್ತಿದ್ದೆ. ಇವತ್ತು ನಿಮ್ಮ ವಿಷಯ ಅವನಿಗೆ ಹೇಳ್ತಾ ಇದ್ದೀನಿ."

ಮುದುಕಿ ಮೆಟ್ಟಿಲಿನ ಅಂಚಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟಳು.

ಹೊತ್ತು ಮುಳುಗುವ ಮುನ್ನ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ತಿರುವಿನಲ್ಲಿ ದೋಣಿಯೊಂದು ಕಾಣಿಸಿತು. ಅದರ ಹಿಂದೆ, ಹಗ್ಗದ ತುದಿಯಲ್ಲಿ, ಇನ್ನೊಂದು. ಯಾರದೋ ಹರಿದ ಬಲೆ ತನ್ನ ದೋಣಿಯ ಯಂತ್ರದ ತಿರುಗುವ ರೆಕ್ಕೆಗೆ ಸುತ್ತಿಕೊಂಡಿತ್ತೆಂದು ಬೂನ್ ಸೆಂಗ್ ದೂರದಿಂದಲೇ ಕೂಗಿ ಹೇಳಿದ. ಅವನು ದಡಕ್ಕೆ ಕಾಲಿಡುವವರೆಗೂ ಸುಮ್ಮನಿದ್ದ ಮುದುಕಿ, ಆಮೇಲೆ ಮನೆ ತಲುಪುವವರೆಗೂ ಅವನನ್ನು ಬೈದಳು. ಹೊಸಿಲಲ್ಲಿ ತಿರುಗಿ, ಹಿಂದೆಯೇ ಉಳಿದಿದ್ದ ಹುಯೆ ಲಿನ್‌ಳನ್ನು ಕಣ್ಸನ್ನೆಯಿಂದ ಒಳಕ್ಕೆ ಕರೆದಳು.

ಊಟಕ್ಕೆ ಮತ್ತೆ ಮೀನು. ಮೇಲ್ಭಾಗ ಮುಗಿದರೂ ಹುಯೆ ಲಿನ್ ಕಡ್ಡಿ ಮುಟ್ಟಲಿಲ್ಲ. ಮುದುಕಿ ಬಾಲದ ಕಡೆಯಿಂದ ಹಿಡಿದು ನಡುಮುಳ್ಳನ್ನು ಇಡಿಯಾಗಿ ಎತ್ತಿ ತೆಗೆದಳು. ಕೆಳಗಿನ ಬಿಳಿಯ ಭಾಗ ಅಲುಗದೆ ಉಳಿದಿತ್ತು.

"ಮುಳ್ಳು ತೆಗೀಬೇಕು, ಮೀನು ಮಗುಚಬಾರದು. ಕಲಿತುಕೋ." ದೊಡ್ಡದೊಂದು ತುಂಡು ಹುಯೆ ಲಿನ್‌ಳ ಬಟ್ಟಲಿಗೆ ಬಿತ್ತು. "ನಿನ್ನ ಕಥೆಯ ಆ ಹನ್ನೆರಡು ಮಂದಿಯ ಅಮ್ಮಂದಿರು ಇನ್ನೂ ಜೆಟ್ಟಿಯ ಮೇಲೆ ಕೂತಿದ್ದಾರೆ. ತಿನ್ನು, ತಿಂದು ಆ ದೋಣೀನ ದಡ ಮುಟ್ಟಿಸು."