ಮೂವತ್ತೆಂಟನೆಯ ಪ್ರಶ್ನೆ

ತಲೆಗೆ ಸಣ್ಣ ಪೆಟ್ಟು ಬಿದ್ದವರು ಸಂಶೋಧನೆಗೆ ಬೇಕಾಗಿದ್ದಾರೆ ಎಂಬ ಜಾಹೀರಾತು ಫೋನಿಗೆ ಬಂದಾಗ, ಬಸ್ ಕಂಡಕ್ಟರ್ ಚಂದ್ರಕಲಾ ಕೂತು ಇಡೀ ಫಾರಂ ತುಂಬಿ ಕಳಿಸಿದ್ದಳು. ಮರುದಿನವೇ ‘ತಿರಸ್ಕರಿಸಲಾಗಿದೆ’ ಎಂದು ಉತ್ತರ ಬಂತು. ಒಂದು ವಾರ ಬಿಟ್ಟು ಅವಳು ಅಲ್ಲಿದ್ದ ನಂಬರಿಗೆ ಫೋನ್ ಮಾಡಿ, ಎತ್ತಿದ ಸಂಶೋಧನೆಯ ಸಿಬ್ಬಂದಿಗೆ ತನ್ನ ಹೆಸರು ಹೇಳಿದಳು.

“ನನ್ನನ್ನ ಯಾಕೆ ಸರ್ ಬೇಡ ಅಂದ್ರಿ?”

“ನಾವು ಕೊಡೋ ದುಡ್ಡಿಗೆ ಸುಳ್ಳು ಹೇಳಿ ಸೇರ್ಕೊಳ್ಳೋರು ತುಂಬ ಜನ ಮೇಡಂ. ಅವರನ್ನ ಹಿಡಿಯೋಕೆ ಮಧ್ಯದಲ್ಲಿ ಒಂದು ಪ್ರಶ್ನೆ ಇಟ್ಟಿದ್ವಿ, ಮೂವತ್ತೆಂಟನೇದು. ಇದಕ್ಕೆ ‘ಇಲ್ಲ’ ಅಂತಲೇ ಒತ್ತಿ ಅಂತ ಅದರಲ್ಲೇ ಬರೆದಿತ್ತು. ನೀವು ‘ಹೌದು’ ಒತ್ತಿದ್ದೀರಿ. ಗಮನ ಇಟ್ಟು ಓದಿಲ್ಲ.”

“ಎರಡನೇ ಪ್ರಶ್ನೆಗೆ ನಾನು ಏನು ಬರೆದಿದ್ದೆ, ಸ್ವಲ್ಪ ಓದಿ.”

ಅವನು ಓದಿದ. “ಬಸ್ಸು ಬ್ರೇಕ್ ಹಾಕಿದಾಗ ಕಂಬಿಗೆ ತಲೆ ಬಡೀತು. ಆವತ್ತಿಂದ ಯಾವುದರ ಮೇಲೂ ಗಮನ ನಿಲ್ಲಲ್ಲ. ಟಿಕೆಟ್ ತಗೊಂಡವರನ್ನೇ ಮತ್ತೆ ಟಿಕೆಟ್ ಕೇಳ್ತೀನಿ.”

ಓದಿ ಮುಗಿಸಿ ಅವನು, “ರೂಲ್ಸ್ ಎಲ್ಲರಿಗೂ ಒಂದೇ ಮೇಡಂ. ಇನ್ನೂರು ಜನ ಅದೇ ಪ್ರಶ್ನೆ ಪಾಸಾಗಿದ್ದಾರೆ” ಎಂದ.

“ಅವರಲ್ಲಿ ಮರಿಸ್ವಾಮಿ ಅಂತ ಒಬ್ಬರಿದ್ದಾರಾ?”

“ಇದ್ದಾರೆ. ಒಂದು ತಪ್ಪೂ ಮಾಡಿಲ್ಲ. ಸೋಮವಾರ ಮೆದುಳಿನ ಸ್ಕ್ಯಾನಿಂಗಿಗೆ ಮೊದಲು ಬರೋರು ಅವರೇ.”

“ಅವರು ನಮ್ಮ ಯಜಮಾನ್ರು. ನೀವು ನನ್ನನ್ನ ಬೇಡ ಅಂದ ದಿನಾನೇ ಕೂರಿಸಿ, ನನ್ನ ಪೆಟ್ಟಿನ ಕತೆನೇ ಬರೆಸಿ ಕಳಿಸಿದೆ. ಅವರ ತಲೆಗೆ ಇವತ್ತಿನವರೆಗೆ ಬಾಗಿಲು ಕೂಡ ತಾಗಿಲ್ಲ.”