ಮೂರಕ್ಷರದ ತಿದ್ದುಪಡಿ

"ಎಲ್ಲೆಲ್ಲಿ ೧೯೯೦ ಅಂತ ಇದೆಯೋ ಅಲ್ಲೆಲ್ಲ ೨೦೨೦ ಮಾಡ್ಬಿಡಮ್ಮ ಚೂಡಾಮಣಿ," ಎಂದು ಶಾಂತವೀರಪ್ಪ ಮೇಷ್ಟ್ರು ಪ್ರೂಫಿನ ಕಟ್ಟನ್ನು ಮೇಜಿನ ಮೇಲಿಟ್ಟಾಗ, ಚೂಡಾಮಣಿಗೆ ಕೈಯಲ್ಲಿದ್ದ ಅಚ್ಚುಮೊಳೆಗಳನ್ನು ಅವರ ಬೋಳುತಲೆಯ ಮೇಲೆ ಸುರಿದುಬಿಡೋಣ ಅನ್ನಿಸಿತು. ಇದು ಮೂರನೆಯ ಸಲ. ಮೊದಲು ೧೯೮೦ ಇತ್ತು, ಆಮೇಲೆ ೧೯೮೫ ಆಯಿತು, ಆಮೇಲೆ ೧೯೯೦. ಈ ಮನುಷ್ಯನ ಭವಿಷ್ಯ ಒಂದು ಕಡೆ ಕೂತರೆ ತಾನೆ ಇವಳು ಮೊಳೆ ಕೂರಿಸುವುದು.

ತಿಲಕ್ ನಗರದ ಆ ಪ್ರೆಸ್ಸು ಇದ್ದದ್ದೇ ಎರಡು ಕೋಣೆ. ವಿಜ್ಞಾನದ ಮೇಷ್ಟ್ರಾಗಿ ರಿಟೈರಾದ ಶಾಂತವೀರಪ್ಪನವರು ಮುಂದೆ ಬರುವ ಕಾಲದ ಬಗ್ಗೆ ಬರೆದ ಕಾದಂಬರಿ ಅರವತ್ನಾಲ್ಕೇ ಪುಟದ್ದಾದರೂ ಪ್ರೆಸ್ಸಿನ ಮೊಳೆಯೆಲ್ಲ ಅದರೊಳಗೇ ಸಿಕ್ಕಿಕೊಂಡಿತ್ತು. ಅಚ್ಚಾಗುವ ತನಕ ಬಿಚ್ಚುವಂತಿಲ್ಲ. ಕರೆಂಟು ನೋಡಿದರೆ ದಿನಕ್ಕೆರಡು ಗಂಟೆ ಬಂದರೆ ಪುಣ್ಯ. ಚೂಡಾಮಣಿಯ ತಂಗಿಯ ಮದುವೆಗೆ ಉಳಿದದ್ದು ಹದಿನೆಂಟು ದಿನ. ಲಗ್ನಪತ್ರಿಕೆಯ ಒಕ್ಕಣೆ ಅವಳ ಚೀಲದಲ್ಲಿ ಎಂಟು ದಿನದಿಂದ ಮಡಿಚಿಕೊಂಡು ಕೂತಿತ್ತು. ಹನ್ನೆರಡು ವರ್ಷದಿಂದ ಜಯನಗರದವರ ಲಗ್ನಪತ್ರಿಕೆಗಳನ್ನೆಲ್ಲ ಜೋಡಿಸಿದವಳು ತಂಗಿಯದನ್ನು ಬೇರೆ ಪ್ರೆಸ್ಸಿಗೆ ಕೊಟ್ಟರೆ ಮುಖ ಎತ್ತಿಕೊಂಡು ತಿರುಗುವುದು ಹೇಗೆ?

"ಈಗೇನಾಯ್ತು ಸಾರ್?" ಎಂದಳು, ಹಲ್ಲು ಕಚ್ಚಿಕೊಂಡು.

"ಇಪ್ಪತ್ತೆಂಟನೇ ಪುಟ ನೋಡು. ಸೀಮೆಎಣ್ಣೆ ಡಿಪೋ ಮುಂದೆ ನಿಂತೂ ನಿಂತೂ ಸಾಕಾಗಿ, ಜನ ತಮ್ಮ ಬದಲು ಒಂದೊಂದು ಕಲ್ಲಿಟ್ಟು ಮನೆಗೆ ಹೋಗ್ತಾರೆ ಅಂತ ಬರೆದಿದ್ದೆ. ಹತ್ತು ವರ್ಷದ ಹಿಂದೆ ಬರೆದಿದ್ದು ಕಣಮ್ಮ. ಈಗ ಬರ್ತಾ ನೋಡ್ತೀನಿ, ನಿಮ್ಮ ಬೀದಿ ಮೂಲೇಲೇ ಇಪ್ಪತ್ತು ಕಲ್ಲು ಸಾಲಾಗಿ ಕೂತಿವೆ."

"ಅದ್ರಲ್ಲಿ ಮೂರನೇದು ನಂದೇ ಸಾರ್."

ಮೇಷ್ಟ್ರಿಗೆ ಅದು ಕೇಳಿಸಲೇ ಇಲ್ಲ. "ಎಮ್ಮೆಲ್ಲೆಗಳನ್ನ ಬಸ್ಸಿಗೆ ತುಂಬ್ಕೊಂಡು ಹೋಗಿ ಹೋಟೆಲಲ್ಲಿ ಬಚ್ಚಿಡ್ತಾರೆ ಅಂತ ಬರೆದೆ. ಪ್ರೂಫ್ ತಿದ್ದೋ ಹೊತ್ತಿಗೆ ಪೇಪರಲ್ಲೇ ಬಂತು. ಕಾರ್ಖಾನೇಲಿ ಸೈರನ್ ಮಾತ್ರ ಕೂಗುತ್ತೆ, ಒಳಗೆ ಕೆಲಸ ಇರಲ್ಲ ಅಂತ ಬರೆದೆ. ನನ್ನ ಭಾಮೈದನ ಕಾರ್ಖಾನೇಲಿ ಈಗ ಹಂಗೇ ಆಗಿದೆ. ಮುಂದಾಗೋದು ಅಂತ ಬರೆದಿದ್ದೆಲ್ಲ ಹಳೇ ಸುದ್ದಿ ಆಗ್ಬಿಟ್ರೆ, ಓದೋರು ನಗಲ್ವೇನಮ್ಮ?"

"ನೀವು ಇಸವಿ ಎಷ್ಟು ಮುಂದಕ್ಕೆ ತಳ್ಳಿದ್ರೂ ಅದು ಓಡೋಡಿ ಬರ್ತಿದೆ ಸಾರ್. ನನ್ನ ತಂಗಿ ಮುಹೂರ್ತ ಮಾತ್ರ ಮುಂದಕ್ಕೆ ಹೋಗಲ್ಲ." ಅವಳು ಚೀಲದಿಂದ ಒಕ್ಕಣೆಯನ್ನು ತೆಗೆದು ಪ್ರೂಫಿನ ಮೇಲೆಯೇ ಇಟ್ಟಳು. "ಬೊಮ್ಮನಹಳ್ಳಿ ಬೀಗರು ಎರಡು ಸಲ ಹೇಳಿ ಕಳ್ಸಿದ್ರು, ಪತ್ರಿಕೆ ಎಲ್ಲಿ ಅಂತ. ಎಲ್ಲಾ ಮೊಳೆ ಎರಡು ಸಾವಿರದ ಇಪ್ಪತ್ತನೇ ಇಸವೀಲಿದೆ ಅಂತ ಹೇಳ್ಲಾ?"

ಅಷ್ಟರಲ್ಲಿ ಫ್ಯಾನು ನಿಂತಿತು. ಒಳಗಿನ ಮಿಷನ್ನೂ ನಿಂತಿತು. ಥೂ, ಇದರ ಮನೆ ಹಾಳಾಗ ಎಂದುಕೊಂಡು ಅವಳು ಎದ್ದು, ಮೊದಲ ಪುಟದ ಮೊಳೆಗಳ ಕಟ್ಟನ್ನು ಕಿಟಕಿಯ ಬೆಳಕಿಗೆ ತಂದಳು. ಚಿಮಟದಿಂದ ಮೂರಕ್ಷರ ಕಿತ್ತಳು, ಮೂರಕ್ಷರ ಕೂರಿಸಿದಳು. ನಾಲ್ಕನೆಯದು ಇದ್ದಲ್ಲೇ ಇರಲಿ ಎಂದು ಬಿಟ್ಟಳು. ಮಸಿ ಬಳಿದು, ಒಂದು ಚೀಟಿ ಒತ್ತಿ ಮೇಷ್ಟ್ರ ಕೈಗಿತ್ತಳು. 'ವೈಜ್ಞಾನಿಕ ಕಾದಂಬರಿ' ಎಂದಿದ್ದ ಕಡೆ 'ಸಾಮಾಜಿಕ ಕಾದಂಬರಿ' ಎಂದಿತ್ತು.

"ಇಸವಿಗಳನ್ನೆಲ್ಲ ಕಿತ್ತು ಹಾಕ್ತೀನಿ ಸಾರ್. ಇನ್ನು ತಿದ್ದೋದೇನೂ ಇರಲ್ಲ."

ಮೇಷ್ಟ್ರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಬೈಯುತ್ತಾರೆ ಎಂದು ಅವಳು ಸೆರಗು ಬಿಗಿದು ನಿಂತಿದ್ದಳು. ಅವರು ಬೈಯಲಿಲ್ಲ. "ಹಿಂಗೆ ಹಾಕಿದ್ರೆ, ನಾನು ಇದನ್ನ ಮುಂಚೇನೇ ಕಂಡಿದ್ದೆ ಅನ್ನೋದು ಯಾರಿಗೂ ಗೊತ್ತಾಗಲ್ವಲ್ಲಮ್ಮ," ಎಂದರು.

"ನಂಗೆ ಗೊತ್ತಲ್ಲ ಸಾರ್. ಒಂದೊಂದಕ್ಷರಾನೂ ನಾನೇ ಜೋಡಿಸಿರೋದು."

ಅವರು ತಲೆಯಾಡಿಸಿ, ಪ್ರೂಫನ್ನು ತಿರುವುತ್ತಾ ಕೊನೆಯ ಅಧ್ಯಾಯಕ್ಕೆ ಬಂದು ನಿಂತರು. ಅದರಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ನಲ್ಲಿಯಲ್ಲಿ ಹಗಲೂ ರಾತ್ರಿ ನೀರು ಬರುತ್ತಿತ್ತು; ಡಿಪೋದಲ್ಲಿ ಸೀಮೆಎಣ್ಣೆ ತುಂಬಿಸಿಕೊಂಡ ಜನ ತಮ್ಮ ತಮ್ಮ ಕಲ್ಲನ್ನು ಎತ್ತಿಕೊಂಡು ಹೋಗಿ, ಅದನ್ನು ತಂದಿದ್ದ ಜಾಗದಲ್ಲೇ ಇಟ್ಟು ಬರುತ್ತಿದ್ದರು. ಇಡೀ ಪುಸ್ತಕದಲ್ಲಿ ಚೂಡಾಮಣಿ ಒಂದೂ ತಪ್ಪಿಲ್ಲದೆ ಜೋಡಿಸಿದ್ದು ಆ ನಾಲ್ಕು ಪುಟಗಳನ್ನೇ.

"ಸಾಮಾಜಿಕ ಅಂದ್ಮೇಲೆ ಇದನ್ನ ಹೆಂಗಮ್ಮ ಇಡೋದು?" ಎಂದರು ಮೇಷ್ಟ್ರು. "ಸುಳ್ಳು ಬರೆದಂಗಾಗುತ್ತೆ."

ಇರಲಿ ಬಿಡಿ ಸಾರ್ ಎನ್ನಬೇಕು ಅಂತ ಅವಳ ಬಾಯಿಗೆ ಬಂತು. ತಂಗಿಯ ಮುಖ ನೆನಪಾಗಿ, ಒಕ್ಕಣೆಯ ಮಡಿಕೆ ಬಿಡಿಸತೊಡಗಿದಳು. ಅವರು ಕೆಂಪು ಪೆನ್ಸಿಲಿನಲ್ಲಿ ನಾಲ್ಕೂ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.

"ಬಿಚ್ಚು ಇದನ್ನ. ಲಗ್ನಪತ್ರಿಕೆಗೆ ಇಷ್ಟು ಮೊಳೆ ಸಾಕಾಗುತ್ತಾ?"

"ಸಾಕು ಸಾರ್. ಕಾಲಲ್ಲಿ ತುಳಿಯೋ ಮಿಷನ್ನಲ್ಲೇ ಹಾಕ್ಕೋತೀನಿ. ಮದುವೆಗೆ ನೀವೂ ಬರ್ಬೇಕು."

ಮೇಷ್ಟ್ರು ಹೂಂ ಎಂದು, ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದರು. ಚೂಡಾಮಣಿ ಕೊನೆಯ ಪುಟದ ದಾರ ಬಿಚ್ಚಿ, ಮೊಳೆಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕತೊಡಗಿದಳು. 'ಆ ದಿನ ಎಲ್ಲರ ಡಬ್ಬವೂ ತುಂಬಿತು' ಎಂಬ ಸಾಲಿಗೆ ಬಂದಾಗ ಅವಳ ಕೈ ನಿಂತಿತು. ಉಳಿದದ್ದನ್ನು ಬಿಡಿಸಿ, 'ಎಲ್ಲರ' ಎನ್ನುವುದೊಂದನ್ನು ಮಾತ್ರ ಹಾಗೇ ಎತ್ತಿ ಪಕ್ಕಕ್ಕಿಟ್ಟಳು. ಲಗ್ನಪತ್ರಿಕೆಯ ಕೊನೆಯ ಸಾಲಿನಲ್ಲಿ ಅದು ಬೇಕಾಗಿತ್ತು: ಎಲ್ಲರ ಆಗಮನವನ್ನು ಬಯಸುವ.